ಸಂದು ಮುಚ್ಚಿದ ಪರಸಿ

ಶಹಾಬಾದಿನ ಹೊರಗಿರುವ ಕೊಳಚೆ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ನನ್ನದು. ಗಟಾರದ ನೀರು ತಿಳಿಯಾದ ಮೇಲೆ ಉಳಿಯುವ ಕಪ್ಪು ರಾಡಿಯನ್ನು ಉಸುಕಿನ ಮಡಿಗಳಿಗೆ ಬಿಡುತ್ತೇವೆ. ನೀರು ಉಸುಕಿನಲ್ಲಿ ಇಳಿದು ಕೆಳಗಿನ ಪೈಪಿಗೆ ಹೋಗುತ್ತದೆ, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ನಮ್ಮ ಬಿಸಿಲಿನಿಂದ ಆಗುವ ಒಂದೇ ಉಪಕಾರ ಇದು. ಎರಡು ವಾರಕ್ಕೆ ರಾಡಿ ಬಿರುಕು ಬಿಡುತ್ತದೆ. ಗುತ್ತಿಗೆ ಆಳು ಮಾಣಿಕಮ್ಮ ಕಾಕಿ ಅದನ್ನು ಸಲಿಕೆಯಿಂದ ಎಬ್ಬಿಸಿ ಟ್ರ್ಯಾಕ್ಟರಿಗೆ ತುಂಬುತ್ತಾಳೆ.

ಪ್ರತಿ ಸಲಿಕೆಗೂ ಅಡಿಯ ಹಸಿ ಉಸುಕು ಅಂಟಿಕೊಂಡು ಬರುತ್ತಿತ್ತು. ಆ ಭಾರಕ್ಕೆ ಕಾಕಿಯ ಸೊಂಟ ಹಿಡಿಯಿತು, ಕೆಲಸ ಹಿಂದೆ ಬಿತ್ತು. ಗುತ್ತಿಗೆದಾರ ಕಡ್ಡಿ ಮುರಿದಂತೆ ಹೇಳಿಬಿಟ್ಟ: ತಿಂಗಳೊಳಗೆ ಮೂರನೇ ಮಡಿ ಒಮ್ಮೆ ಒಣಗಿ ಖಾಲಿಯಾಗಬೇಕು, ಇಲ್ಲದಿದ್ದರೆ ಬೇರೆ ಆಳು.

ಕಾಕಿಯ ಗಂಡ ಸಾಬಣ್ಣ ಕಾಕಾ ನಮ್ಮಲ್ಲೇ ಪಂಪು ನೋಡಿಕೊಳ್ಳುತ್ತಾನೆ. ಮೊದಲು ಗೌಂಡಿ, ಗಾರೆ ಕೆಲಸದವ. ವಾಡಿಯಿಂದ ಸೇಡಂವರೆಗೆ ಅವನು ಪರಸಿ ಎಂಬ ಚಪ್ಪಡಿ ಕಲ್ಲಿನ ನೆಲ ಹಾಕದ ಓಣಿಯಿಲ್ಲ. ನಾನು ತಂಗಿಯ ಮದುವೆಗೆಂದು ಹತ್ತು ದಿನ ಚಿಂಚೋಳಿಗೆ ಹೋಗಿದ್ದೆ. ಬಂದು ನೋಡಿದರೆ ಮೂರನೇ ಮಡಿಯ ಉಸುಕಿನ ಮೇಲೆ ಪರಸಿ ಹಾಸಿ, ಸಂದಿಗೆಲ್ಲ ಸಿಮೆಂಟು ತುಂಬಿದ್ದಾನೆ. ಮೇಲೆ ಬಿಟ್ಟ ರಾಡಿ ಒಂದು ವಾರದಿಂದ ಅಂಬಲಿಯಂತೆ ನಿಂತಿದೆ.

"ರಾವೂರ ಖಣಿಯಾಗ ಬಿಸಾಕಿದ್ದ ಕಲ್ಲು ತಂದೀನ್ರಿ ಮೇಡಂ. ಇನ್ನ ಸಲಿಕಿಗಿ ಉಸುಕ ಹತ್ತಂಗಿಲ್ಲ."

"ನೀರು ಎಲ್ಲಿಂದ ಇಳೀಬೇಕು ಕಾಕಾ? ತಲಿ ಎಲ್ಲಿಟ್ಟಿದ್ದಿ?"

ಅವನ ಮುಖ ಸಪ್ಪಗಾಯಿತು. "ನೀರು ಇಳೀಬಾರದು ಅಂತನೇ ಜಲ್ಮೆಲ್ಲ ಕಲ್ಲು ಹಾಕೀನ್ರಿ," ಎಂದ.

ಸಿಟ್ಟಿನಲ್ಲಿ ನಾನು ಇನ್ನೂ ನಾಲ್ಕು ಮಾತು ಆಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಕಿ ಮಾತ್ರ ಮಡಿಯ ಮೂಲೆಯಲ್ಲಿ ಬಗ್ಗಿ ನಿಂತಿದ್ದಳು. "ಇಲ್ಲಿ ಬರ್ರಿ. ಇದೊಂದು ಕಡಿ ಒಣಗ್ಯದ."

ಆ ಮೂಲೆಗೆ ಬರುವಷ್ಟರಲ್ಲಿ ಸಿಮೆಂಟು ತೀರಿತ್ತಂತೆ. ನಾಲ್ಕು ಕಲ್ಲುಗಳ ಸಂದು ತೆರೆದೇ ಇತ್ತು. ಅಲ್ಲಿ ರಾಡಿ ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು.

ರಾಡಿಯನ್ನು ಪಕ್ಕದ ಮಡಿಗೆ ಸಾಗಿಸಿದೆವು. ಕಾಕಾ ಉಳಿ ಹಿಡಿದು ಮೂರು ದಿನ ತನ್ನ ಸಂದುಗಳನ್ನೆಲ್ಲ ತಾನೇ ಒಡೆದ. ಎರಡು ಬೆರಳು ಅಂತರ ಬಿಟ್ಟು ಕಲ್ಲು ಕೂಡಿಸಿ, ನಡುವೆ ಉಸುಕು ತುಂಬಿದ. "ಯಾರರೆ ಗೌಂಡಿ ನೋಡಿದ್ರ ನಗ್ತಾನ," ಎಂದು ಗೊಣಗುತ್ತಲೇ ಇದ್ದ. ಮತ್ತೆ ರಾಡಿ ಬಿಟ್ಟಾಗ ಕೆಳಗಿನ ಪೈಪಿನಲ್ಲಿ ನೀರು ಬೀಳುವವರೆಗೆ ಅಲ್ಲಿಂದ ಕದಲಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಕಾಕಿ ಸಲಿಕೆ ಹಾಕಿದಳು. ಅದು ಕಲ್ಲಿನ ಮೇಲೆ ಸರ್ರನೆ ಜಾರಿ ಹಗುರಾಗಿ ಮೇಲೆದ್ದಿತು. ಮಧ್ಯಾಹ್ನಕ್ಕೆ ಮಡಿ ಖಾಲಿ. ಗುತ್ತಿಗೆದಾರ ಬಂದು ನೋಡಿ, ಸೋಮವಾರ ಮೊದಲನೇ ಮಡಿಯ ರಾಡಿ ಎತ್ತಲು ಅವಳಿಗೇ ಹೇಳಿ ಹೋದ.

ಕಾಕಿ ಪರಸಿ ತೊಳೆದು ಅದರ ಮೇಲೆ ಬರಿಗಾಲಲ್ಲಿ ನಿಂತಳು.

"ಮದಿವ್ಯಾಗಿ ಮೂವತ್ತ ವರ್ಷ ಆತ್ರಿ ಮೇಡಂ. ನಮ್ಮ ಮನ್ಯಾಗ ಇನ್ನಾ ಸಗಣಿ ನೆಲನೇ ಅದ. ಇವ್ರು ನನಗಂತ ಹಾಕಿದ ಮೊದಲ್ನೇ ಪರಸಿ ಇದೇ."

ಕಾಕಾ ಗೋಡೆಗೆ ಒರಗಿಸಿದ್ದ ಉಳಿದ ಕಲ್ಲುಗಳಲ್ಲಿ ಒಂದನ್ನು ಎತ್ತಿ ಸೈಕಲ್ಲಿಗೆ ಕಟ್ಟತೊಡಗಿದ.

"ಅಲ್ಲಿ ಸಂದು ಮುಚ್ರಿ ಮತ್ತ," ಎಂದಳು ಕಾಕಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.