ನಾಲ್ಕನೇ ಬಾಗಿಲಿನ ಬೂಟು

ಕಸದ ಗುಂಡಿಯ ಮೇಲೆ, ಗಾಜಿನ ಕೋಣೆಯಲ್ಲಿ ಕುಳಿತು ಕ್ರೇನ್ ನಡೆಸುವುದು ನನ್ನ ಕೆಲಸ. ಗುಂಡಿಯಂಚಿನ ಸಾಲು ಬಾಗಿಲುಗಳಿಂದ ಲಾರಿಗಳು ಸುರಿದದ್ದನ್ನು ಕಬ್ಬಿಣದ ಪಂಜದಲ್ಲಿ ಎತ್ತಿ ಕುಲುಮೆಯ ಬಾಯಿಗೆ ಹಾಕಿದರೆ ಊರಿಗೆ ಕರೆಂಟು. ಖಾರ್ಟೂಮ್ ಬಿಟ್ಟು ಈ ಕೊಲ್ಲಿಯ ದಡಕ್ಕೆ ಬಂದು ಒಂಬತ್ತು ವರ್ಷವಾಯಿತು.

ಆ ಮಧ್ಯಾಹ್ನ ಪಾಳಿಯ ಮುಖ್ಯಸ್ಥೆ ಮೌಝಾ ಫೋನಿನಲ್ಲಿ ಕೂಗಿದಳು: "ತಾಜುಸ್ಸಿರ್, ನಿಲ್ಸು! ಸಾಲಮೀನ್ ಕಾಣ್ತಿಲ್ಲ. ನಾಲ್ಕನೇ ಬಾಗಿಲಲ್ಲಿ ಅವ್ನ ಲಾರಿ ಎಂಜಿನ್ ಓಡ್ತಾ ನಿಂತಿದೆ. ಅಂಚಲ್ಲಿ ಒಂದೇ ಬೂಟು ಬಿದ್ದಿದೆ."

ಸಾಲಮೀನ್ ಹದ್ರಮೌತ್ ಕಡೆಯ ಲಾರಿ ಚಾಲಕ, ನನ್ನ ಊಟದ ಜೊತೆಗಾರ. ನಾಲ್ಕನೇ ಬಾಗಿಲ ಕೆಳಗಿಂದ ಆಗಷ್ಟೇ ಮೂರು ಸಲ ಎತ್ತಿದ್ದೆ. ಎರಡು ಹಿಡಿ ಕುಲುಮೆಯ ಬಾಯಿಗೆ ಹೋಗಿದ್ದವು. ಮೂರನೆಯದು ಗಾಳಿಯಲ್ಲಿ ತೂಗುತ್ತಿತ್ತು.

"ಮೌಝಾ, ನಾನು ಎರಡು ಹಾಕ್ಬಿಟ್ಟೆ..."

"ಬಾಯಲ್ಲಿರೋದಕ್ಕೆ ಇನ್ನೂ ಬೆಂಕಿ ತಾಗಿಲ್ಲ. ಒಳಕ್ಕೆ ತಳ್ಳೋ ಯಂತ್ರ ನಿಲ್ಸಿದೀನಿ. ಕರೆಂಟು ಹೋದ್ರೆ ಹೋಗ್ಲಿ. ಪಂಜದಲ್ಲಿರೋದನ್ನ ಮೆಲ್ಲಗೆ ಇಳ್ಸು."

ಪಂಜದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹರಿದ ಹಾಸಿಗೆ, ಖರ್ಜೂರದ ಗೊನೆಕಡ್ಡಿ, ಮಕ್ಕಳ ಲಂಗೋಟಿ. ಮನುಷ್ಯನಿಲ್ಲ. ಸಮಾಧಾನವಾಗಲಿಲ್ಲ, ಮೊದಲಿನ ಎರಡು ಉಳಿದಿದ್ದವಲ್ಲ. ಹಾಕಿದ್ದನ್ನು ಮರಳಿ ಎತ್ತಲು ಕುಲುಮೆಯ ಬಾಯಿಯತ್ತ ಪಂಜ ತಿರುಗಿಸಿದೆ.

ಫೋನ್ ಮತ್ತೆ ಬಡಿದುಕೊಂಡಿತು. ಮೌಝಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಸಿಕ್ದ! ಮಸೀದಿಯ ನಲ್ಲಿ ಹತ್ರ ಕಾಲು ತೊಳೀತಾ ಕೂತಿದಾನೆ!"

ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಸಾಲಮೀನ್ ತೊಡೆಯವರೆಗೆ ಒದ್ದೆಯಾಗಿ ಗಡಗಡ ನಡುಗುತ್ತಿದ್ದ.

"ಕಾಲು ಜಾರಿ ಗುಂಡಿ ಮೇಲೆ ನೇತಾಡ್ಬಿಟ್ಟೆ ಕಣೋ. ಬಾಗಿಲಿನ ಸರಪಳಿ ಕೈಗೆ ಸಿಕ್ತು. ಹತ್ತಿ ಬಂದವನಿಗೆ ಲಾರಿನೂ ನೆನಪಾಗ್ಲಿಲ್ಲ, ಬೂಟೂ ನೆನಪಾಗ್ಲಿಲ್ಲ."

"ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ನಿನ್ನ ಸುಟ್ಟೇ ಹಾಕ್ದೆ ಅಂದ್ಕೊಂಡಿದ್ನಲ್ಲೋ, ಪಾಪಿ!" ಎಂದು ಬೆನ್ನಿಗೊಂದು ಬಿಟ್ಟು, ಅದೇ ಕೈಯಲ್ಲಿ ತಬ್ಬಿಕೊಂಡೆ. ಅವನ ಮೈ ಕೊಳೆತ ಮೀನಿನಂತೆ ನಾರುತ್ತಿತ್ತು. ಬಿಡಲು ಮನಸ್ಸಾಗಲಿಲ್ಲ.

"ಇವ್ನನ್ನ ಉರಿಸಿದ್ರೆ ಒಂದು ಬಲ್ಬೂ ಹತ್ತಲ್ಲ, ಬರೀ ಮೂಳೆ," ಎಂದು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಮೌಝಾ ಕಣ್ಣೊರೆಸಿಕೊಂಡಳು. ನಾವು ಮೂವರೂ ಹುಚ್ಚರಂತೆ ನಕ್ಕೆವು.

ಕುಲುಮೆಗೆ ಮತ್ತೆ ಕಸ ಬಿಡಲು ಅವಳು ಅವಸರಪಡಲಿಲ್ಲ. ಮೊದಲು ಮೀನು, ಅನ್ನ ತರಿಸಿದಳು. ಸಾಲಮೀನ್ ಬರಿಗಾಲಲ್ಲಿ ಕುಳಿತು ಮುಳ್ಳು ಬಿಡಿಸಿ ಬಿಡಿಸಿ ತಿಂದ. ನನ್ನ ತಟ್ಟೆ ಆರುತ್ತಿತ್ತು. ನಾನು ಅವನು ಅಗಿಯುವುದನ್ನೇ ನೋಡುತ್ತಿದ್ದೆ.