ತೊಗಟೆ ಸುಲಿದ ಮಾವು

ಹಿಟ್ನಾಳದ ಗುರುಲಿಂಗಮ್ಮನ ಹಿತ್ತಲಿನ ಮಾವಿನಮರ ಆ ವರ್ಷ ಎಲೆ ಕಾಣದಷ್ಟು ಹೂ ಬಿಟ್ಟಿತು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿದ್ದ, ನಿಜಾಮರ ಆಳಿಕೆಯ ಕಾಲವದು. ಆ ಮರದ ಗೊರಟೆ ನೆಟ್ಟವಳು ಮಗಳು ನೀಲವ್ವ. ಅವಳನ್ನು ಕಾಲರಾ ಒಯ್ದಿತ್ತು. ಮರ ಬೆಳೆದಿತ್ತು, ಒಂದೂ ಕಾಯಿ ಕಚ್ಚಿರಲಿಲ್ಲ. ಬಂಜೆ ಮರ ಕಡಿಯಬೇಕೆಂದು ಗಂಡನ ಅಣ್ಣ ಕೊಟ್ರಪ್ಪ ಹಟ ಹಿಡಿದಿದ್ದ. ಈಗ ಹೂ ಕಂಡು ಗುರುಲಿಂಗಮ್ಮ ಮಗಳೇ ಮನೆಗೆ ಬಂದಂತೆ ಹಿಗ್ಗಿದಳು.

ಗಂಗಾವತಿ ಕಡೆಯ ತೋಟಗಳಲ್ಲಿ ಕಸಿ ಕಟ್ಟುವ ಉಮರಸಾಬ ನೀರು ಕುಡಿಯಲು ಬಂದವನು ಮರದ ಬುಡದಲ್ಲಿ ಕುಕ್ಕರಿಸಿದ. ಬೊಡ್ಡೆಗೆ ಮೆತ್ತಿದ್ದ ಮಣ್ಣು ಕೆರೆದ. ಅಂಗೈ ಅಗಲದ ತೊಗಟೆ ಸುತ್ತಲೂ ಮಾಯವಾಗಿತ್ತು.

"ಎಲಿಯಿಂದ ಬೇರಿಗೆ ಇಳಿಯೂ ಊಟ ಇಲ್ಲೇ ನಿಂತೈತಿ. ಇದು ಸಾಯೂ ಮುಂದ ಬಿಟ್ಟ ಹೂವ್ರಿ, ತಾಯಿ."

ಗುರುಲಿಂಗಮ್ಮ ಗಂಡನತ್ತ ತಿರುಗಿದಳು. ಹೊಳಿಯಪ್ಪನ ಮುಖ ಬೂದಿಯಾಗಿತ್ತು.

"ತೊಗಟಿ ಸುಲಿದ್ರ ಫಲ ಕಟ್ಟತೈತಿ ಅಂತ ಸಂತ್ಯಾಗ ಅಂದ್ರು. ಅಣ್ಣ ಕಡದಾನು ಅಂತ ಅಂಜಿ..."

"ಅದು ಬೊಡ್ಡಿಗಲ್ಲ, ಟೊಂಗಿಗೆ. ಅದೂ ಒಂದು ಬೆರಳಿನಷ್ಟಽ ಸುಲೀಬೇಕು," ಎಂದ ಉಮರಸಾಬ.

"ಒಮ್ಮೆ ಕಾಲರಾ ಒಯ್ತು. ಈಗ ನೀವಽ ಕೊಂದ್ರಿ ನನ್ನ ಮಗಳನ್ನ," ಎಂದಳು ಗುರುಲಿಂಗಮ್ಮ. ಆಮೇಲೆ ಗಂಡನೊಡನೆ ಮಾತು ಬಿಟ್ಟಳು.

ಉಮರಸಾಬ ಗಾಯದ ಸುತ್ತ ಬೆರಳಾಡಿಸಿ ನೋಡಿದ. "ಬುಡದಾಗ ಎಳೀ ಸಸಿ ಹಚ್ಚಿ, ಅದರ ತುದಿ ಗಾಯದ ಮ್ಯಾಲಿನ ತೊಗಟ್ಯಾಗ ಕೂಡಿಸಿ ನೋಡೂಣು. ಸಸಿ ಬೇರಿನ ಮ್ಯಾಲೆ ಗಿಡ ಉಳಿದ್ರ ಉಳಿದೀತು. ಪೇರಲಕ್ಕ ಮಾಡೀನಿ, ಮಾವಿಗೆ ಮಾಡಿಲ್ರಿ. ಆದ್ರ ಗಿಡದ ಕಸುವು ಹೀರೂ ಈ ಹೂವೆಲ್ಲ ಮುರೀಬೇಕು."

ಅವಳೇ ಮರ ಹತ್ತಿದಳು. ಜೇನ್ನೊಣ ಕಚ್ಚಿದರೂ ಬಿಡದೆ, ಕೈಗೆಟುಕಿದ ಗೊಂಚಲನ್ನೆಲ್ಲ ಮುರಿದು ಒಗೆದಳು. ಉಳಿದದ್ದನ್ನು ಗಳದಿಂದ ಬಡಿದಳು. ಕೆಳಗೆ ಹೊಳಿಯಪ್ಪ ಊರವರ ತಿಪ್ಪೆಗಳಲ್ಲಿ ಹುಟ್ಟಿದ್ದ ಮಾವಿನ ಸಸಿಗಳನ್ನು ಮಣ್ಣು ಸಮೇತ ತಂದು ನೆಟ್ಟ. ಉಮರಸಾಬ ತೊಗಟೆ ಸೀಳಿ, ಸಸಿಯ ಹೆರೆದ ತುದಿ ಒಳಗಿಟ್ಟು, ಬಾಳೆನಾರಿನಿಂದ ಬಿಗಿದು, ಸಗಣಿ ಮಣ್ಣು ಮೆತ್ತಿದ.

ಬೇಸಿಗೆ ಕೆಂಡವಾಯಿತು. ಬಾವಿ ತಳ ಕಂಡಿತು. ಗುರುಲಿಂಗಮ್ಮ ಹಳ್ಳದ ಒರತೆ ತೋಡಿ ನೀರು ಹೊತ್ತಳು. ಹೊಳಿಯಪ್ಪ ಬೇರೆ ದಾರಿ ಹಿಡಿದು ಹೊತ್ತ. ಎಲೆ ಉದುರುತ್ತಲೇ ಇತ್ತು. ಒಂದು ಸಸಿ ಬಾಡಿತು, ಮಗ್ಗುಲಿನದೂ ಬಾಡಿತು. ಅವಳು ಉಗುರಿನಿಂದ ಟೊಂಗೆ ಕೆರೆದು ಹಸಿರು ಹುಡುಕುವಳು. ಕಂದು ಪುಡಿಯೇ ಉದುರುವುದು. ಹೊಳಿಯಪ್ಪ ರೊಟ್ಟಿ ಮುಟ್ಟದೆ ಏಳುತ್ತಿದ್ದ. ಅವಳು ನೋಡಿಯೂ ನೋಡದಂತಿದ್ದಳು.

ಮಳೆ ಬಿದ್ದಾಗ ಒಂದೇ ಸಸಿ ಕೂಡಿಕೊಂಡಿತ್ತು. ಅದರ ನೇರಕ್ಕೆ ಮೇಲಿದ್ದ ಮರದ ಒಂದು ಟೊಂಗೆಯಲ್ಲಿ ಕೆಂಪು ಚಿಗುರಿತ್ತು. ಉಳಿದ ಮರವೆಲ್ಲ ಕಟ್ಟಿಗೆ. ಕೊಟ್ರಪ್ಪ ಕೊಡಲಿ ಹಿಡಿದು ಬಂದು ಒಣಗಿದ್ದನ್ನು ಉರುಳಿಸತೊಡಗಿದ. ಗುರುಲಿಂಗಮ್ಮ ಹಸಿ ಟೊಂಗೆಗೆ ಮೈಯೊಡ್ಡಿ ನಿಂತಳು. ಆಸರೆ ತಪ್ಪಿದ ಅದು ಅವಳ ಮೇಲೆಯೇ ವಾಲುತ್ತಿತ್ತು. ಗೋಡೆಯ ಬಳಿ ಅಳುತ್ತ ನಿಂತ ಗಂಡನನ್ನು ಕೂಗಿದಳು:

"ಅಲ್ಲೇನ್ ನಿಂತೀರಿ? ಊರಗೋಲು ತರ್ರಿ, ಬೀಳಾಕತ್ತೈತಿ!"

ಹೊಳಿಯಪ್ಪ ಓಡಿದ.