ದಕ್ಷಿಣದ ಗೋಡೆ

ಕಮಲಾಕ್ಷಿ ಕೋಣೆಯ ನಟ್ಟನಡುವೆ ಬಂದು ಕೈ ಎತ್ತಿದರು. ಅಲ್ಲಿ ಸದ್ದೇ ಇರಲಿಲ್ಲ. ಬಾಗಿಲಿನತ್ತ ಸರಿದರೆ ಸ್ಪೀಕರಿನ ಗುಂಯ್ ಎನ್ನುವ ಕೆಳಸ್ವರ ಅಂಗಾಲಿನಿಂದ ಮೇಲೇರಿ ಬರುತ್ತಿತ್ತು; ನಡುವಿಗೆ ಮರಳಿದರೆ ಯಾರೋ ಮುಚ್ಚಳ ಮುಚ್ಚಿದ ಹಾಗೆ ಮಾಯ.

"ಅಲ್ಲಿ ಅದ, ಇಲ್ಲಿ ಇಲ್ಲ. ಏನವಾ ರಂಜನಿ, ದೆವ್ವಗಿವ್ವ ಸಾಕೀಯೇನು?"

"ಆ ದೆವ್ವದ ಮ್ಯಾಲೇ ನಾ ಕುರ್ಚಿ ಹಾಕ್ಕೊಂಡು ಕೂತಿದ್ದೆ ನೋಡ್ರಿ, ಅತ್ತಿ."

ರಂಜನಿಗೆ ನಗು ತಡೆಯಲಾಗಲಿಲ್ಲ. ಅವಳು ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಕೊಟ್ಟ ಹಾಡನ್ನು ಸುಧೀರ ಎರಡು ಸಲ ಹಿಂದಕ್ಕೆ ಕಳಿಸಿದ್ದ. ಸಂಭಾಜಿನಗರದಲ್ಲಿ ಅವನ ಕಾರಿನೊಳಗೆ ಆ ಹಾಡು ಹಚ್ಚಿದರೆ ಸಂಬಾಳ ವಾದ್ಯದ ಒಂದೊಂದು ಪೆಟ್ಟಿಗೂ ಗಾಜು ಗಡಗಡ ಅನ್ನುತ್ತಿತ್ತಂತೆ, ಹಾಡುವವಳ ದನಿಯೇ ಅದರಡಿ ಮುಳುಗುತ್ತಿತ್ತಂತೆ. ಅವಳು ಗೋಡೆಗೆಲ್ಲ ಫೋಮ್ ಅಂಟಿಸಿದಳು, ಕಿಟಕಿಗೆ ದಪ್ಪ ಪರದೆ ಬಿಟ್ಟಳು. ಕೋಣೆ ಹತ್ತಿಮೂಟೆಯಂತೆ ಮೆತ್ತಗಾಯಿತೇ ಹೊರತು ದೂರು ನಿಲ್ಲಲಿಲ್ಲ. ಇವತ್ತು ಒಂದೇ ಕೆಳಸ್ವರವನ್ನು ಹಚ್ಚಿಟ್ಟು ಚಾರ್ಜರ್ ತರಲು ಎದ್ದಾಗ ಗುಟ್ಟು ಸಿಕ್ಕಿತ್ತು. ಕೂತಲ್ಲಿ ಕೇಳಿಸದ ಪೆಟ್ಟನ್ನು ಅವಳೇ ಏರಿಸುತ್ತ ಹೋಗಿದ್ದಳು.

ಸುಧೀರ ಅವಳ ಗಂಡ ಕಿರಣನ ಗೆಳೆಯ. ಕಿರಣ ತೀರಿಕೊಂಡ ಮೇಲೆ ಅವಳಿಗೆ ಕೆಲಸ ಕೊಟ್ಟವನು ಅವನೊಬ್ಬನೇ. ಸಂಜೆಯೊಳಗೆ ಸರಿಹೋಗದಿದ್ದರೆ ಉಳಿದ ಹಾಡುಗಳನ್ನೂ ಪುಣೆಯ ಸ್ಟುಡಿಯೊದವರಿಗೆ ಕೊಡಬೇಕಾಗುತ್ತದೆ ಎಂದು ಬೆಳಿಗ್ಗೆ ಮೆತ್ತಗೆ ಹೇಳಿದ್ದ.

ಕಿರಣನ ಕಾಲದಿಂದಲೂ ಮೇಜು ಪೂರ್ವದ ಉದ್ದ ಗೋಡೆಯ ನಡುವಿತ್ತು. ಕುರ್ಚಿ ಕೋಣೆಯ ನಡುವಿನಿಂದ ತಪ್ಪಬೇಕಾದರೆ ಅದನ್ನು ಕಿರಿದಾದ ಗೋಡೆಗೆ ತಿರುಗಿಸಬೇಕು ಎಂದಳು ರಂಜನಿ. ಉತ್ತರದಲ್ಲಿ ಬಾಗಿಲು, ಕಪಾಟು. ಉಳಿದದ್ದು ದಕ್ಷಿಣ.

ಕಮಲಾಕ್ಷಿಯವರ ನಗು ನಿಂತಿತು. ಆ ಮನೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಯಾರೂ ಊಟಕ್ಕೂ ಕೂತವರಲ್ಲ. ಅವನು ದುಡಿಯುತ್ತಿದ್ದ ಓಝರಿನ ಕಾರ್ಖಾನೆಯಿಂದ ಕಿರಣನ ದೇಹವನ್ನು ತಂದ ದಿನ, ಪಡಸಾಲೆಯಲ್ಲಿ ಅವನ ತಲೆಯನ್ನು ಆ ದಿಕ್ಕಿಗೇ ಇಟ್ಟಿದ್ದರು.

"ಆ ಕಡೆ ಮಾರಿ ಮಾಡಿ ಕೂಡಬ್ಯಾಡ," ಎಂದರು.

ರಂಜನಿ ಮೇಜಿನತ್ತ ತಿರುಗಿದಳು. ಸ್ವರವನ್ನು ಆರಿಸಲು ಕೈ ಚಾಚಿದಳು.

"ಇರಲಿ ಬಿಡು, ಆರಸಬ್ಯಾಡ." ಕಮಲಾಕ್ಷಿ ನಡುವಿನಿಂದ ದಕ್ಷಿಣಕ್ಕೆ ನಡೆದರು. ಸ್ವರ ಹಿಂತಿರುಗಿತು. ಅಲ್ಲೇ ಗೋಡೆ ನೋಡುತ್ತ ನಿಂತರು.

"ಕಿರಣನೂ ಹಿಂಗ ಕೇಳಿದ್ದ. ಮೇಜು ಇತ್ತ ತಿರಗಸ್ತೀನಿ ಅಮ್ಮಾ, ಇಲ್ಲಾಂದ್ರ ಸರಿ ಕೇಳಸೂದಿಲ್ಲ ಅಂತ. ನಾನೇ ಬ್ಯಾಡಂದೆ. ಮತ್ತ ಕೇಳಲಿಲ್ಲ ನೋಡು."

ರಂಜನಿಗೆ ಇದು ಗೊತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಅಂಚು ಹಿಡಿದಿದ್ದರು.

"ಹಿಡಿ ಆ ಕಡೆ. ನೆಲಾ ಗೀರೀತು, ಎತ್ತು."

ಆಮೇಲೆ ಇಬ್ಬರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ವೈರುಗಳನ್ನು ಬಿಡಿಸಿ ಮತ್ತೆ ಸಿಕ್ಕಿಸಿದರು. ಅತಿಥಿಗಳಿಗೆಂದು ಇಟ್ಟಿದ್ದ ಹತ್ತಿ ಗಾದಿಗಳನ್ನು ಸುರುಳಿ ಸುತ್ತಿ, ಕೆಳಸ್ವರದ ಗುಂಯ್ ಹೀರಲೆಂದು ಮೂಲೆಗಳಲ್ಲಿ ನಿಲ್ಲಿಸಿದರು. ಒಂದು ಗಾದಿ ಕಮಲಾಕ್ಷಿಯವರ ಮೇಲೇ ಮಗುಚಿ, ಅದರಡಿಯಿಂದ ಅವರು ಬೈದದ್ದು ಗಾದಿಗೋ ಸೊಸೆಗೋ ತಿಳಿಯಲಿಲ್ಲ. ಕೊನೆಗೆ ರಂಜನಿ ಕೂತು ಹಾಡು ಹಚ್ಚಿದಳು.

ಮೊದಲ ಪೆಟ್ಟಿಗೇ ಬೆಚ್ಚಿದಳು. ಇಷ್ಟು ದೊಡ್ಡದನ್ನು ತಾನೇ ಮಾಡಿ ಕಳಿಸಿದ್ದಳೇ? ಇಳಿಸಿದಳು, ಇನ್ನಷ್ಟು ಇಳಿಸಿದಳು. ಪೆಟ್ಟು ಸಣ್ಣದಾದಂತೆ ಅದರಡಿಯಿಂದ ಹೆಣ್ಣುದನಿ ತಲೆಯೆತ್ತಿತು, ಅದರ ಉಸಿರು ಕೂಡ.  ಬಹಳ ದಿನಗಳಿಂದ ಅವಳ ಕೈ ಇಷ್ಟು ಚುರುಕಾಗಿ ಓಡಿರಲಿಲ್ಲ.

ಕಳಿಸಿದ ಕೂಡಲೇ ಅತ್ತ ಸುಧೀರ ಫೋನು ಕಿವಿಗಿಟ್ಟುಕೊಂಡೇ ಕೆಳಗಿಳಿದು ಕಾರು ಹತ್ತಿದ. ಬಾಗಿಲು ಧಪ್ ಎಂದಿತು. ಅತ್ತೆ ಸೊಸೆ ಫೋನಿನ ಮೇಲೆ ಬಗ್ಗಿದರು. ಹಾಡು ಶುರುವಾಗಿ, ಮುಗಿಯಿತು.  ಅವನು ಅದನ್ನೇ ಮತ್ತೆ ಮೊದಲಿನಿಂದ ಹಚ್ಚಿದ.

"ವಹಿನಿ," ಎಂದ ಆಮೇಲೆ ಮರಾಠಿಯಲ್ಲಿ, "ಬಾಕೀಚೀ ಗಾಣೀ ಆಜಚ್ ಪಾಠವತೋ."

ಅತ್ತಿಗೆಗೆ ಉಳಿದ ಹಾಡುಗಳನ್ನು ಇವತ್ತೇ ಕಳಿಸುತ್ತಾನಂತೆ. ರಂಜನಿ ಸುಮ್ಮನೆ ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದಳು. ಬಂದಾಗ ಅತ್ತೆ ಗಾಲಿಗಳಿದ್ದ ಅವಳ ಕುರ್ಚಿಯ ತುದಿಯಲ್ಲಿ ಓರೆಯಾಗಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ನನಗೂ ಒಮ್ಮೆ ಹಚ್ಚು," ಎಂದರು.

ರಂಜನಿ ಹಚ್ಚಿದಳು. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆಲ್ಲೋ ಕುರ್ಚಿಯ ಗಾಲಿಗಳು ಸಣ್ಣಗೆ ಕಿರ್ರೆಂದವು. ಕಮಲಾಕ್ಷಿ ಮೇಜಿನ ಅಂಚನ್ನು ಹಿಡಿದು, ಇಷ್ಟಿಷ್ಟೇ ತಿರುಗುತ್ತ, ದಕ್ಷಿಣದ ಗೋಡೆಗೆ ಮುಖ ಮಾಡಿ ನೇರವಾದರು.